ಟರ್ಬೊ ಕಾರು ಊರಿಗೆ ಬಂತು, ಪ್ಲಗ್ಗಿನ ಲೆಕ್ಕ ಇನ್ನೂ ಬಂದಿಲ್ಲ

ಹೋದ ವರ್ಷ ಶ್ರಾವಣದಲ್ಲಿ ಒಂದಿನ ಬೆಳಗ್ಗೆ, ಅಮ್ಮನ ಕಣ್ಣು ತೋರಿಸೋಕೆ ಚಿಕ್ಕನಾಯಕನಹಳ್ಳಿಯಿಂದ ತುಮಕೂರಿಗೆ ಹೊರಟಿದ್ದೆ. ಕಿಬ್ಬನಹಳ್ಳಿ ಕ್ರಾಸ್ ಇನ್ನೂ ಬಂದಿರಲಿಲ್ಲ. ಮುಂದೆ ತೆಂಗಿನಕಾಯಿ ತುಂಬಿದ ಲಾರಿ ತೆವಳುತ್ತಾ ಹೋಗ್ತಿತ್ತು. ರಸ್ತೆ ಖಾಲಿ ಕಂಡಿತು, ಬಲಕ್ಕೆ ತಗೊಂಡು ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಟರ್ಬೊ ಕಾರು, ಅಂಥ ಹೊತ್ತಲ್ಲಿ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮುಂದಕ್ಕೆ ನುಗ್ಗಬೇಕು. ಅವತ್ತು ನುಗ್ಗಲಿಲ್ಲ. ಲಾರಿಯ ಅರ್ಧಕ್ಕೆ ಬಂದಾಗ ಕಾರು ಜರ್ಕ್ ಹೊಡೆಯಿತು, ಎರಡು ಸಲ, ಮೂರು ಸಲ. ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಮಿಣುಕತೊಡಗಿತು. ಎದುರಿನ ಏರಿನಿಂದ ಬಸ್ಸು ಇಳಿದು ಬರ್ತಿತ್ತು. ಬ್ರೇಕ್ ಒತ್ತಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಅಮ್ಮ ಏನೂ ಅನ್ನಲಿಲ್ಲ. ತುಮಕೂರು ತಲುಪೋವರೆಗೂ ಬಾಗಿಲ ಮೇಲಿನ ಹಿಡಿಯನ್ನ ಬಿಡಲಿಲ್ಲ, ಅಷ್ಟೇ.

ಎರಡು ವಾರದ ಹಿಂದಷ್ಟೇ ನಾನೇ ಹಾಕಿಸಿದ್ದ ಹೊಸ ಸ್ಪಾರ್ಕ್ ಪ್ಲಗ್ಗುಗಳೇ ಇದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯ್ತು. ಡೂಪ್ಲಿಕೇಟ್ ಅಲ್ಲ, ಒಳ್ಳೆ ಕಂಪನಿಯ ಅಸಲಿ ಮಾಲು. ಥ್ರೆಡ್ ಸರಿಯಾಗಿ ಕೂತಿತ್ತು, ಉದ್ದ ಸರಿಯಿತ್ತು, ಕಾರು ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತಿತ್ತು, ಊರೊಳಗೆ ಬೆಣ್ಣೆಯ ಹಾಗೆ ಓಡ್ತಿತ್ತು. ತಪ್ಪು ಇದ್ದದ್ದು ಒಂದೇ. ಅದು ಅದೇ ಕಾರಿನ ಟರ್ಬೊ ಇಲ್ಲದ ಮಾಡೆಲ್ಲಿಗೆ ಮಾಡಿದ ಪ್ಲಗ್ಗು. ಅಂಗಡಿಯವರು ಕಾರಿನ ಹೆಸರು ಕೇಳಿದರು, ಎಂಜಿನ್ ಯಾವುದು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅದಾದ ಮೇಲೆ ಇನ್ನೊಂದು ತಪ್ಪನ್ನೂ ಮಾಡಿ, ಮೂರನೇ ಸೆಟ್ಟಿನಲ್ಲಿ ಸರಿದಾರಿಗೆ ಬಂದೆ. ಆ ಮೂರು ಸೆಟ್ಟುಗಳಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದೀನಿ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟದ ಮನೆಗಳ ಮುಂದೆ ನಿಂತಿರೋ ಟರ್ಬೊ ಪೆಟ್ರೋಲ್ ಕಾರುಗಳು ಈಗ ಕಡಿಮೆಯೇನಿಲ್ಲ.

ಡೀಸೆಲ್ ಹೋದ ಜಾಗಕ್ಕೆ ಬಂದ ಎಂಜಿನ್

ಇದು ತಾನಾಗಿ ಆದ ಬದಲಾವಣೆ ಅಲ್ಲ. ನಮ್ಮಲ್ಲಿ ನಾಲ್ಕು ಮೀಟರ್ ಒಳಗಿನ ಕಾರು, ಪೆಟ್ರೋಲ್ ಆದರೆ 1200 ಸಿಸಿ ಒಳಗಿನ ಎಂಜಿನ್ ಇದ್ದರೆ, ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ ಶೇ 18, ದೊಡ್ಡ ಕಾರಿಗೆ ಶೇ 40. ಇನ್ನೊಂದು ಕಡೆ 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂತು. ಸಣ್ಣ ಡೀಸೆಲ್ ಎಂಜಿನ್ನನ್ನ ಆ ಮಟ್ಟಕ್ಕೆ ತರೋ ಖರ್ಚು ದುಬಾರಿ ಅಂತ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು, ಬೇರೆ ಕಂಪನಿಗಳೂ ಸಣ್ಣ ಕಾರುಗಳಲ್ಲಿ ಒಂದೊಂದಾಗಿ ಕೈಬಿಟ್ಟವು. ಡೀಸೆಲ್ಲಿನ ಎಳೆತ ರೂಢಿಯಾದ ಗಿರಾಕಿಗೆ ಏನು ಕೊಡೋದು? ಒಂದು ಲೀಟರಿನ, 1.2 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಿ ಕೊಟ್ಟರು. ನೆಕ್ಸಾನ್ 2017ರಲ್ಲೇ ಬಂದಿತ್ತು. 2019ರಲ್ಲಿ ವೆನ್ಯೂ, ಎಕ್ಸ್‌ಯುವಿ300, 2020ರಲ್ಲಿ ಮ್ಯಾಗ್ನೈಟ್, 2023ರಲ್ಲಿ ಫ್ರಾಂಕ್ಸ್. ಸಾಲು ಬೆಳೀತಾನೇ ಇದೆ.

ಇಲ್ಲೊಂದು ಮಜಾ ಇದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ನಮ್ಮ ಕಡೆ ಹದಿನೈದಿಪ್ಪತ್ತು ವರ್ಷ ಡೀಸೆಲ್ ಓಡಿಸಿದವರಿಗೆ ಪ್ಲಗ್ ಅಂದರೆ ನೆನಪಾಗೋದು ಟಿವಿಎಸ್ ಎಕ್ಸ್‌ಎಲ್. ಕಾಯಿಮೂಟೆ ಹೇರಿಕೊಂಡು ಹೋಗುವಾಗ ಗಾಡಿ ನಿಂತರೆ ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಕಣ್ಣಂದಾಜಿಗೆ ಗ್ಯಾಪ್ ತಟ್ಟಿ ಮತ್ತೆ ಹಾಕಿದರೆ ಮುಗೀತು. ಅದೇ ಕೈ ಈಗ ಟರ್ಬೊ ಕಾರಿನ ಬಾನೆಟ್ ಎತ್ತುತ್ತಿದೆ.

ಒತ್ತಡ ಏರಿದರೆ ಕಿಡಿ ಹಾರೋದು ಕಷ್ಟ

ಟರ್ಬೊ ಮಾಡೋ ಕೆಲಸ ಸರಳ. ಹೊರಗೆ ಹೋಗೋ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗಿಸಿ, ಅದರಿಂದ ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುತ್ತೆ. ಬೂಸ್ಟ್ 1 ಬಾರ್ ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಅಷ್ಟೇ ಇನ್ನೊಂದು ಒತ್ತಡ, ಅಂದರೆ ಹತ್ತಿರ ಹತ್ತಿರ ಎರಡರಷ್ಟು ಗಾಳಿ. ಗಾಳಿಗೆ ತಕ್ಕಂತೆ ಪೆಟ್ರೋಲ್. ಅದಕ್ಕೇ ಒಂದು ಲೀಟರಿನ ಎಂಜಿನ್ನು ಒಂದೂವರೆ ಲೀಟರಿನ ಕೆಲಸ ಮಾಡೋದು.

ಈಗ ಪ್ಲಗ್ಗಿನ ಕಡೆ ನೋಡಿ. ಅದರ ತುದಿಯಲ್ಲಿ ನಡುಗಂಬಿಗೂ ಬಾಗಿದ ಕಂಬಿಗೂ ನಡುವೆ ಒಂದು ಸಣ್ಣ ಸಂದು ಇರುತ್ತೆ, ಅದೇ ಗ್ಯಾಪ್. ಕಿಡಿ ಆ ಸಂದನ್ನ ಹಾರಬೇಕು. ಹಾರೋಕೆ ಬೇಕಾಗೋ ವೋಲ್ಟೇಜು ಎರಡು ವಿಷಯದ ಮೇಲೆ ನಿಂತಿದೆ. ಸಂದು ಎಷ್ಟು ಅಗಲ ಮತ್ತು ಅಲ್ಲಿರೋ ಗಾಳಿ ಎಷ್ಟು ದಟ್ಟ. ಇದು ಹತ್ತೊಂಬತ್ತನೇ ಶತಮಾನದಲ್ಲೇ ಪಾಶೆನ್ ಅನ್ನೋ ಜರ್ಮನ್ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದ ನಿಯಮ. ಒತ್ತಡ ಹೆಚ್ಚಾದರೂ ಹೆಚ್ಚು ವೋಲ್ಟ್ ಬೇಕು, ಸಂದು ಅಗಲವಾದರೂ ಹೆಚ್ಚು ವೋಲ್ಟ್ ಬೇಕು. ಎರಡೂ ಸೇರಿದರೆ ಇಗ್ನಿಷನ್ ಕಾಯಿಲ್ ಕೊಡೋ ಹತ್ತಾರು ಸಾವಿರ ವೋಲ್ಟೂ ಸಾಲಲ್ಲ. ಗಾಳಿಯಲ್ಲಿ ಬೀಡಿ ಹಚ್ಚೋನು ಕಡ್ಡಿಯನ್ನ ಬೀಡಿಗೆ ಹತ್ತಿರ ತರ್ತಾನೆ ನೋಡಿ, ಟರ್ಬೊ ಎಂಜಿನ್ನಿನಲ್ಲೂ ಎರಡು ಕಂಬಿಗಳನ್ನ ಹತ್ತಿರ ತರಬೇಕು.

ಅದಕ್ಕೇ ಟರ್ಬೊ ಇಲ್ಲದ ಎಂಜಿನ್ನಿನಲ್ಲಿ 1.0, 1.1 ಮಿ.ಮೀ. ಗ್ಯಾಪ್ ಸಾಮಾನ್ಯವಾದರೆ, ಟರ್ಬೊದಲ್ಲಿ ಹೆಚ್ಚಾಗಿ 0.7, 0.8 ಮಿ.ಮೀ. ಇಡ್ತಾರೆ. ಕಾಗದದ ಮೇಲೆ 0.3 ಮಿ.ಮೀ. ವ್ಯತ್ಯಾಸ. ರಸ್ತೆ ಮೇಲೆ ಅದು ಲಾರಿ ಮತ್ತು ಬಸ್ಸಿನ ನಡುವಿನ ವ್ಯತ್ಯಾಸ. ಊರೊಳಗೆ ನನ್ನ ಕಾರು ಚೆನ್ನಾಗಿ ಓಡಿದ್ದು ಬೂಸ್ಟ್ ಇಲ್ಲದ್ದರಿಂದ. ಪೂರ್ತಿ ಒತ್ತಿದ ಕೂಡಲೇ ಬೂಸ್ಟ್ ಏರಿತು, 1.1ರ ಸಂದನ್ನ ಕಿಡಿ ಹಾರಲಿಲ್ಲ, ಎಂಜಿನ್ ಮಿಸ್ ಹೊಡೆಯಿತು. ಟರ್ಬೊ ಕಾರಿನಲ್ಲಿ ಪ್ಲಗ್ ತೊಂದರೆಯ ಮೊದಲ ಗುರುತು ಇದೇ. ಸುಮ್ಮನೆ ಓಡುವಾಗ ಸರಿ, ಭಾರ ಬಿದ್ದಾಗ ಜರ್ಕ್.

ಮಿಣುಕುವ ಎಂಜಿನ್ ದೀಪದ ಬಗ್ಗೆಯೂ ಒಂದು ಮಾತು. ಸುಮ್ಮನೆ ಹತ್ತಿ ನಿಂತರೆ ಗ್ಯಾರೇಜಿಗೆ ಹೋಗಿ ಅಂತ ಅರ್ಥ. ಮಿಣುಕಿದರೆ ಆಗಲೇ ಕಾಲು ತೆಗೀರಿ ಅಂತ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತೆ, ಅದನ್ನ ಕರಗಿಸುತ್ತೆ. ಕೆಲವು ಸಾವಿರದ ಪ್ಲಗ್ಗಿನ ತಪ್ಪು ಹತ್ತಾರು ಸಾವಿರದ ಬಿಲ್ಲಾಗೋದು ಹೀಗೆ.

ಹಾಟ್, ಕೋಲ್ಡ್: ನನ್ನ ಎರಡನೇ ತಪ್ಪು

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕಾರಿಗೆ ರೀಮ್ಯಾಪ್ ಮಾಡಿಸಿ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಬೂಸ್ಟ್ ಇಟ್ಟುಕೊಂಡು ಓಡಿಸೋನು. "ಟರ್ಬೊ ಅಂದ್ರೆ ಕೋಲ್ಡ್ ಪ್ಲಗ್ ಹಾಕ್ಬೇಕು ಕಣೋ, ಎರಡು ಸ್ಟೆಪ್ ಕೋಲ್ಡ್ ಹಾಕು, ಎಂಜಿನ್ ಸೇಫ್" ಅಂದ. ಆನ್‌ಲೈನಿನಲ್ಲಿ ತರಿಸಿದೆ. ಗ್ಯಾಪ್ ಈ ಸಲ ಸರಿಯಿತ್ತು. ಓವರ್‌ಟೇಕಿನಲ್ಲಿ ಜರ್ಕ್ ನಿಂತಿತು. ಆದರೆ ಒಂದು ತಿಂಗಳಾಗೋದರೊಳಗೆ ಬೆಳಗಿನ ಹೊತ್ತು ಸ್ಟಾರ್ಟ್ ಆಗೋಕೆ ತಕರಾರು, ನಿಂತಲ್ಲೇ ನಡುಕ.

ನಮ್ಮೂರಿನ ಮೇಸ್ತ್ರಿ ಒಂದು ಪ್ಲಗ್ ಬಿಚ್ಚಿ ಕೈಗೆ ಕೊಟ್ಟರು. ಒಲೆ ಮೇಲಿನ ಅಟ್ಟದ ಹಾಗೆ ಕಪ್ಪು ಮಸಿ.

"ಇದನ್ನ ಯಾರು ಹಾಕ್ಸಕ್ಕೆ ಹೇಳಿದ್ರು ಸಾ?"

"ಟರ್ಬೊಗೆ ಕೋಲ್ಡ್ ಪ್ಲಗ್ ಹಾಕ್ಬೇಕಂತಲ್ಲಣ್ಣ."

"ಆ ವಿಷ್ಯ ಕಂಪನಿಯೋರಿಗೆ ಗೊತ್ತಿರಲ್ವಾ? ಅವ್ರು ಆಗ್ಲೇ ಕೋಲ್ಡ್ ಹಾಕೇ ಕಳ್ಸಿರ್ತಾರೆ. ನೀವು ಅದ್ರ ಮ್ಯಾಲೆ ಎರಡು ಹಾಕಿದ್ರೆ ಇನ್ನೇನಾಗ್ತದೆ?"

ಅವರು ಹೇಳಿದ್ದರಲ್ಲಿ ಇಡೀ ವಿಷಯ ಇದೆ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಹಾಟ್ ಪ್ಲಗ್ ಅಂದರೆ ಬಿಸಿ ಕಿಡಿ, ಕೋಲ್ಡ್ ಅಂದರೆ ತಣ್ಣನೆ ಕಿಡಿ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ, ಕಿಡಿಗೂ ಅದಕ್ಕೂ ಸಂಬಂಧವಿಲ್ಲ. ಪ್ಲಗ್ಗಿನ ತುದಿಗೆ ತಾಗಿದ ಬೆಂಕಿಯ ಕಾವು ಎಷ್ಟು ಬೇಗ ಎಂಜಿನ್ ಹೆಡ್ಡಿಗೆ, ಅಲ್ಲಿಂದ ಕೂಲೆಂಟಿಗೆ ಇಳಿದುಹೋಗುತ್ತೆ ಅನ್ನೋದರ ಅಳತೆ ಅದು. ಒಳಗಿನ ಬಿಳಿ ಪಿಂಗಾಣಿಯ ಮೂಗು ಉದ್ದವಿದ್ದರೆ ಕಾವಿಗೆ ದೂರದ ದಾರಿ, ತುದಿ ಬಿಸಿಯಾಗೇ ಇರುತ್ತೆ, ಅದು ಹಾಟ್. ಮೂಗು ಗಿಡ್ಡವಿದ್ದರೆ ಕಾವು ಬೇಗ ಇಳಿಯುತ್ತೆ, ಅದು ಕೋಲ್ಡ್. ಒಂದು ದರ್ಜೆ ಬದಲಾದರೆ ತುದಿಯ ಕಾವು ಸುಮಾರು 70ರಿಂದ 100 ಡಿಗ್ರಿ ಸೆಲ್ಸಿಯಸ್ ಆಚೀಚೆ ಆಗುತ್ತೆ.

ದೋಸೆ ಹಂಚನ್ನ ನೆನೆಸಿಕೊಳ್ಳಿ. ಕಾಯದಿದ್ದರೆ ಹಿಟ್ಟು ಅಂಟುತ್ತೆ, ಅತಿಯಾಗಿ ಕಾದರೆ ಸೀಯುತ್ತೆ. ಪ್ಲಗ್ಗಿನ ತುದಿಗೂ ಅಂಥದೇ ಒಂದು ಹದ. ಹೆಚ್ಚು ಕಡಿಮೆ 500 ಡಿಗ್ರಿಗಿಂತ ಮೇಲಿದ್ದರೆ ಅಂಟಿದ ಮಸಿ ತಾನೇ ಸುಟ್ಟುಹೋಗುತ್ತೆ. ಅದಕ್ಕಿಂತ ಕೆಳಗಿದ್ದರೆ ಮಸಿ ಕೂತು, ವಿದ್ಯುತ್ತು ಸಂದು ಹಾರೋ ಬದಲು ಮಸಿಯ ಮೇಲೇ ಹರಿದುಹೋಗುತ್ತೆ. 850 ಡಿಗ್ರಿ ಹತ್ತಿರ ದಾಟಿದರೆ ತುದಿ ಕೆಂಡವಾಗಿ, ಕಿಡಿ ಬರೋ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಮೇಲಿಂದ ಸ್ಫೋಟ. ಟರ್ಬೊ ಎಂಜಿನ್ನಿನಲ್ಲಿ ಇದು ಪಿಸ್ಟನ್ ತೂತಾಗೋ ದಾರಿ. ಆದ್ದರಿಂದ ಕೋಲ್ಡ್ ಪ್ಲಗ್ಗಿನ ತಪ್ಪಿಗೆ ಗಾಡಿ ನಿಲ್ಲುತ್ತೆ, ಹಾಟ್ ಪ್ಲಗ್ಗಿನ ತಪ್ಪಿಗೆ ಎಂಜಿನ್ನೇ ಹೋಗಬಹುದು.

ನನ್ನ ಓಡಾಟ ಹೇಗೆ? ಮನೆಯಿಂದ ತೋಟಕ್ಕೆ ನಾಲ್ಕು ಕಿ.ಮೀ., ತೋಟದಿಂದ ಮನೆಗೆ. ವಾರಕ್ಕೊಮ್ಮೆ ತಿಪಟೂರಿನ ಮಾರ್ಕೆಟ್ಟಿಗೆ. ಎಂಜಿನ್ ಪೂರ್ತಿ ಬಿಸಿಯಾಗೋದರೊಳಗೆ ಆಫ್. ಜೊತೆಗೆ ಈಗ ಬಂಕಿನಲ್ಲಿ ಸಿಗೋದು ಇ20. ಎಥನಾಲ್ ಆವಿಯಾಗೋಕೆ ಪೆಟ್ರೋಲಿಗಿಂತ ಹೆಚ್ಚು ಕಾವು ಬೇಕು, ಹಾಗಾಗಿ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡುವಾಗ ಹೆಚ್ಚು ಇಂಧನ ಹೋಗುತ್ತೆ. ಇಂಥ ಓಡಾಟಕ್ಕೆ ಎರಡು ಸ್ಟೆಪ್ ಕೋಲ್ಡ್ ಹಾಕಿದರೆ ತುದಿ ಯಾವತ್ತೂ 500 ಡಿಗ್ರಿ ಕಾಣೋದಿಲ್ಲ. ಗೆಳೆಯ ಹೇಳಿದ್ದು ಅವನ ಕಾರಿಗೆ, ಅವನು ಓಡಿಸೋ ರೀತಿಗೆ.

ಹಾಗಾದರೆ ಕೋಲ್ಡ್ ಯಾವಾಗ ಬೇಕು? ಪ್ಲಗ್ ತಯಾರಕರು ಕೊಡೋ ಒಂದು ಅಂದಾಜು ಇದೆ. ಎಂಜಿನ್ನಿನ ಶಕ್ತಿಯನ್ನ 75ರಿಂದ 100 ಅಶ್ವಶಕ್ತಿಯಷ್ಟು ಹೆಚ್ಚಿಸಿದರೆ ಒಂದು ದರ್ಜೆ ಕೋಲ್ಡ್. ನಮ್ಮ ಸಣ್ಣ ಟರ್ಬೊಗಳಿಗೆ ರೀಮ್ಯಾಪ್ ಮಾಡಿಸಿದರೆ ಸಿಗೋದು ಇಪ್ಪತ್ತೋ ಮೂವತ್ತೋ. ಆದರೆ ಮೂರೇ ಸಿಲಿಂಡರ್ ಇರೋದರಿಂದ ಒಂದೊಂದರ ಪಾಲಿಗೆ ಬೀಳೋ ಭಾರ ದೊಡ್ಡದು. ಹಾಗಾಗಿ ರೀಮ್ಯಾಪ್ ಆದ ಕಾರು, ಅದೂ ಹೈವೇಯಲ್ಲಿ ಒತ್ತಿ ಓಡಿಸೋದಾದರೆ, ಕಂಪನಿ ಹೇಳಿದ್ದಕ್ಕಿಂತ ಒಂದು ದರ್ಜೆ ಕೋಲ್ಡ್, ಗ್ಯಾಪ್ ಕೂಡ ಸ್ವಲ್ಪ ಕಡಿಮೆ. ಎರಡು ದರ್ಜೆ ರೇಸಿನವರಿಗೆ. ರೀಮ್ಯಾಪ್ ಇಲ್ಲದ ಕಾರಿಗೆ ಮ್ಯಾನುಯಲ್ಲಿನ ನಂಬರೇ. ಇ20 ಬಂತು ಅನ್ನೋ ಒಂದೇ ಕಾರಣಕ್ಕೆ ದರ್ಜೆ ಬದಲಿಸಬೇಕಾಗಿಲ್ಲ.

ಡಬ್ಬದ ಮೇಲಿನ ನಂಬರು ಹೀಗೆ ಓದಿ

ಇಲ್ಲೊಂದು ಗುಂಡಿ ಇದೆ, ಅನುಭವಸ್ಥರೂ ಬೀಳ್ತಾರೆ. ನಮ್ಮ ಕಡೆ ಪ್ಲಗ್ಗಿಗೆ ಹಳೆಯ ಹೆಸರೇ "ಮೈಕೋ". 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೆಂಗಳೂರಿನ ಆಡುಗೋಡಿಯದು. 2008ರಲ್ಲಿ ಅದರ ಹೆಸರು ಬಾಷ್ ಅಂತಾಯ್ತು. ಬಾಷ್‌ನ ಈಗಿನ ಕೋಡಿನಲ್ಲಿ ಅಂಕಿ ಇಳಿದಷ್ಟೂ ಪ್ಲಗ್ ಕೋಲ್ಡ್. ಜಪಾನಿನ ಎನ್‌ಜಿಕೆ, ಡೆನ್ಸೊ ಲೆಕ್ಕ ತಿರುಗಾಮುರುಗಾ, ಅಂಕಿ ಏರಿದಷ್ಟೂ ಕೋಲ್ಡ್. ಎನ್‌ಜಿಕೆಯ 6ಕ್ಕೆ ಡೆನ್ಸೊದಲ್ಲಿ 20, 7ಕ್ಕೆ 22. ಒಂದು ಕಂಪನಿಯ 6 ತೆಗೆದು ಇನ್ನೊಂದು ಕಂಪನಿಯ 6 ಹಾಕೋದು ಸೇರಿಗೂ ಕಿಲೋಗೂ ಒಂದೇ ಲೆಕ್ಕ ಹಿಡಿದ ಹಾಗೆ. "ಒಂದು ನಂಬರ್ ಮೇಲಿನದ್ದು ಕೊಡಿ" ಅಂತ ಕೇಳಿದರೆ ಕಂಪನಿ ಯಾವುದು ಅನ್ನೋದರ ಮೇಲೆ ಕೋಲ್ಡೂ ಬರಬಹುದು, ಹಾಟೂ ಬರಬಹುದು.

ಉದಾಹರಣೆಗೆ ತುಂಬ ಹಳೆಯ, ಎಲ್ಲ ಕಡೆ ಸಿಗೋ ಎನ್‌ಜಿಕೆ ಕೋಡು ಬಿಪಿಆರ್6ಇಎಸ್. ಬಿ ಅಂದರೆ 14 ಮಿ.ಮೀ. ಥ್ರೆಡ್. ಪಿ ಅಂದರೆ ಪಿಂಗಾಣಿ ಮೂಗು ಮುಂದಕ್ಕೆ ಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. ಕಾರಿನ ಕಂಪ್ಯೂಟರಿಗೆ ಕಿಡಿಯ ಗದ್ದಲ ಅಡ್ಡಬರಬಾರದಲ್ಲ, ಈಗಿನ ಕಾರಿಗೆ ಆರ್ ಇಲ್ಲದ ಪ್ಲಗ್ ಬೇಡವೇ ಬೇಡ. 6 ಕಾವಿನ ದರ್ಜೆ. ಇ ಅಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ. ಈ ಉದ್ದ ಹೆಚ್ಚಾದರೆ ಪ್ಲಗ್ಗಿನ ತುದಿ ಪಿಸ್ಟನ್ನಿಗೇ ತಾಗಬಹುದು. ಈ ಕಂಪನಿಗಳ ಕೋಡಿನ ಕೊನೆಯಲ್ಲಿ 11 ಅಂತ ಬಾಲ ಇದ್ದರೆ ಗ್ಯಾಪ್ 1.1 ಮಿ.ಮೀ. ಅಂತ. ಟರ್ಬೊ ಕಾರಿನ ಮ್ಯಾನುಯಲ್ 0.7 ಅಂತ ಹೇಳ್ತಿರುವಾಗ ಕೈಗೆ ಬಂದ ಡಬ್ಬದ ಮೇಲೆ 11 ಕಂಡರೆ ಅಲ್ಲೇ ವಾಪಸ್ ಕೊಡಿ. ಇದೊಂದು ಗೊತ್ತಿದ್ದಿದ್ದರೆ ಅವತ್ತು ಅಮ್ಮ ಆ ಹಿಡಿ ಹಿಡಿದು ಕೂರಬೇಕಾಗಿರಲಿಲ್ಲ.

ಇರಿಡಿಯಂ ಯಾಕೆ?

ಮಾಮೂಲಿ ಪ್ಲಗ್ಗಿನ ಕಂಬಿ ನಿಕ್ಕಲ್ ಮಿಶ್ರಲೋಹದ್ದು. ನಿಕ್ಕಲ್ ಕರಗೋದು 1455 ಡಿಗ್ರಿಗೆ, ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ. ಅಷ್ಟು ಗಟ್ಟಿ ಲೋಹವಾದ್ದರಿಂದ ಇರಿಡಿಯಂ ತುದಿಯನ್ನ ಅರ್ಧ ಮಿಲಿಮೀಟರ್ ಆಸುಪಾಸಿಗೆ ಸೂಜಿಯ ಹಾಗೆ ಮಾಡಬಹುದು. ಮೊನೆ ಚೂಪಾದಷ್ಟೂ ಕಿಡಿ ಹಾರೋಕೆ ಕಡಿಮೆ ವೋಲ್ಟ್ ಸಾಕು, ಅದಕ್ಕೇ ಟರ್ಬೊಗೆ ಅದು ಒಗ್ಗುತ್ತೆ. ಸವೆತವೂ ನಿಧಾನ. ಕಿಡಿ ಬಿದ್ದು ಬಿದ್ದು ಕಂಬಿ ಸವೆದರೆ ಗ್ಯಾಪ್ ತಾನಾಗೇ ಅಗಲವಾಗುತ್ತೆ, ಟರ್ಬೊದಲ್ಲಿ ಅದು ಬೇಗ ಗೊತ್ತಾಗುತ್ತೆ.

ಆದರೆ ಇರಿಡಿಯಂ ಹಾಕಿದರೆ ಪವರ್ ಬರುತ್ತೆ ಅನ್ನೋದು ಅಂಗಡಿ ಮಾತು. ತಪ್ಪು ದರ್ಜೆಯ ಇರಿಡಿಯಂಗಿಂತ ಸರಿ ದರ್ಜೆಯ, ಸರಿ ಗ್ಯಾಪಿನ ನಿಕ್ಕಲ್ ಎಷ್ಟೋ ವಾಸಿ, ಬೇಗ ಬದಲಿಸಬೇಕು ಅಷ್ಟೇ. ಇನ್ನು ಇರಿಡಿಯಂ ಪ್ಲಗ್ಗನ್ನ ಎಕ್ಸ್‌ಎಲ್ ಪ್ಲಗ್ಗಿನ ಹಾಗೆ ಉಪ್ಪುಕಾಗದದಲ್ಲಿ ಉಜ್ಜಿದರೆ ದುಡ್ಡು ಕೊಟ್ಟ ಆ ಮೊನೆಯೇ ಹೋಯ್ತು. ಗ್ಯಾಪ್ ಹೊಂದಿಸಬೇಕಾದರೆ ನಡುಗಂಬಿಗೆ ಏನೂ ತಾಗಿಸದೆ, ಬಾಗಿದ ಕಂಬಿಯನ್ನ ಮಾತ್ರ, ಅದೂ 0.2 ಮಿ.ಮೀ. ಮೀರದ ಹಾಗೆ.

ಹಾಕೋ ಕೈ, ನೋಡೋ ಕಣ್ಣು

ಪ್ಲಗ್ಗಿನ ಕಾವು ಇಳಿಯೋದು ಅದು ಹೆಡ್ಡಿಗೆ ಒತ್ತಿಕೊಂಡು ಕೂತ ಜಾಗದಿಂದ. ಸಡಿಲವಾಗಿ ಕೂತರೆ ಕಾವು ಇಳಿಯಲ್ಲ, ಎಷ್ಟೇ ಕೋಲ್ಡ್ ಪ್ಲಗ್ಗಾದರೂ ಕೆಂಡವಾಗುತ್ತೆ. ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋಗುತ್ತೆ, ಪಿಂಗಾಣಿ ಬಿರುಕು ಬಿಡುತ್ತೆ. ಟಾರ್ಕ್ ಸ್ಪ್ಯಾನರ್ ಇದ್ದರೆ ಮ್ಯಾನುಯಲ್ಲಿನ ಅಳತೆಗೆ ಬಿಗಿಸಿ. ಇಲ್ಲದಿದ್ದರೆ, ವಾಷರ್ ಇರೋ ಹೊಸ 14 ಮಿ.ಮೀ. ಪ್ಲಗ್ಗನ್ನ ಮೊದಲು ಕೈಯಲ್ಲೇ ಕೂರುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತು. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ. ಬಿಚ್ಚೋ ಮೊದಲು ಗುಂಡಿಯೊಳಗಿನ ಧೂಳನ್ನ ಗಾಳಿ ಹೊಡೆದು ತೆಗೀರಿ. ನಮ್ಮ ಕೆಮ್ಮಣ್ಣಿನ ದಾರಿಗಳಲ್ಲಿ ಓಡಿದ ಕಾರಿನಲ್ಲಿ ಅಲ್ಲಿ ಒಂದು ಹಿಡಿ ಮಣ್ಣಿರುತ್ತೆ, ಸಿಲಿಂಡರಿಗೆ ಬಿದ್ದರೆ ಅನಾಹುತ.

ಬಿಚ್ಚಿದ ಪ್ಲಗ್ಗನ್ನ ಎಸೆಯೋ ಮೊದಲು ನೋಡಿ. ತುದಿ ತಿಳಿ ಕಂದು ಅಥವಾ ಬೂದಿ ಬಣ್ಣವಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪ್ಲಗ್ ಕೋಲ್ಡ್ ಆಯ್ತು, ಇಲ್ಲವೇ ಪೆಟ್ರೋಲ್ ಹೆಚ್ಚು ಹೋಗ್ತಿದೆ. ಎಣ್ಣೆ ಪಸೆ ಇದ್ದರೆ ಪಿಸ್ಟನ್ ರಿಂಗನ್ನೋ ಟರ್ಬೊವನ್ನೋ ಪರೀಕ್ಷಿಸಬೇಕು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ, ಪಿಂಗಾಣಿಯ ಮೇಲೆ ಮೆಣಸಿನಪುಡಿ ಚೆಲ್ಲಿದಂತೆ ಚುಕ್ಕೆಗಳಿದ್ದರೆ, ಗಾಡಿ ಓಡಿಸೋದು ನಿಲ್ಲಿಸಿ. ಒಳಗೆ ಅತಿಯಾದ ಕಾವು, ನಾಕಿಂಗ್ ನಡೀತಿದೆ.

ಎಲ್ಲ ತಪ್ಪನ್ನೂ ಪ್ಲಗ್ಗಿನ ಮೇಲೆ ಹಾಕೋದೂ ಸರಿಯಲ್ಲ. ಟಾಪ್ ಗೇರಿನಲ್ಲಿ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಪೂರ್ತಿ ಒತ್ತೋ ಅಭ್ಯಾಸ ಡೀಸೆಲ್ಲಿನಿಂದ ಬಂದದ್ದು. ನೇರ ಇಂಜೆಕ್ಷನ್ನಿನ ಟರ್ಬೊ ಪೆಟ್ರೋಲಿನಲ್ಲಿ ಅದು ಅಕಾಲಿಕ ಸ್ಫೋಟಕ್ಕೆ ದಾರಿ. ಅದನ್ನ ತಡೆಯೋಕೆ ಅಂತಲೇ ಎಂಜಿನ್ ಆಯಿಲ್ಲಿಗೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಅನ್ನೋ ದರ್ಜೆಗಳು ಬಂದವು. ಏರು ಬಂದರೆ ಒಂದು ಗೇರ್ ಇಳಿಸಿ. ಆಯಿಲ್ ಡಬ್ಬದ ಮೇಲೂ ಆ ಅಕ್ಷರ ನೋಡಿ.

ಈ ಲೆಕ್ಕ ಹೇಳಬೇಕಾದವರು ಯಾರು?

ತೆರಿಗೆ ನಿಯಮ ದೆಹಲಿಯಲ್ಲಿ ಬದಲಾಯ್ತು, ಹೊಗೆ ನಿಯಮ ದೆಹಲಿಯಲ್ಲಿ ಬದಲಾಯ್ತು, ಪೆಟ್ರೋಲಿಗೆ ಎಥನಾಲ್ ಸೇರಿಸೋ ತೀರ್ಮಾನವೂ ಅಲ್ಲೇ ಆಯ್ತು. ಮೂರರ ಪರಿಣಾಮವೂ ಕೊನೆಗೆ ಬಂದು ಇಳಿದದ್ದು ತಾಲ್ಲೂಕು ಕೇಂದ್ರದ ಶೆಡ್ಡಿನಲ್ಲಿ ಕೆಲಸ ಮಾಡೋ ಮೇಸ್ತ್ರಿಯ ಕೈಗೆ. ಅವರಿಗೆ ಹೊಸ ಎಂಜಿನ್ನಿನ ಬಗ್ಗೆ ತರಬೇತಿ ಕೊಟ್ಟವರಿಲ್ಲ. ಪ್ಲಗ್ಗಿನ ನಂಬರು ಇರೋದು ಇಂಗ್ಲಿಷ್ ಮ್ಯಾನುಯಲ್ಲಿನ ಕೊನೆಯ ಪುಟಗಳಲ್ಲಿ, ಕೆಲವು ಕಾರುಗಳಲ್ಲಿ ಅದೂ ಇಲ್ಲ, ಸರ್ವಿಸ್ ಸೆಂಟರಿನಲ್ಲೇ ಕೇಳಿ ಅಂತ ಬರೆದಿರುತ್ತೆ. ಟೈರಿಗೆ ಎಷ್ಟು ಗಾಳಿ ಅಂತ ಬಾಗಿಲ ಚೌಕಟ್ಟಿನ ಮೇಲೆ ಚೀಟಿ ಅಂಟಿಸಿ ಕೊಡೋ ಕಂಪನಿಗಳಿಗೆ ಬಾನೆಟ್ಟಿನ ಕೆಳಗೆ ಪ್ಲಗ್ಗಿನ ನಂಬರು, ಗ್ಯಾಪು, ಆಯಿಲ್ ದರ್ಜೆಯ ಒಂದು ಚೀಟಿ ಅಂಟಿಸೋದು ದೊಡ್ಡ ಖರ್ಚೇನಲ್ಲ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೇದು. ಐಟಿಐಗಳಲ್ಲಿ ಕಲಿಯೋ ಹುಡುಗರ ಜೊತೆಗೆ, ಇಪ್ಪತ್ತು ವರ್ಷದಿಂದ ಕೈಗೆ ಗ್ರೀಸ್ ಮೆತ್ತಿಕೊಂಡವರಿಗೂ ನಾಲ್ಕು ದಿನದ ಪಾಠ ಇಡಬಹುದು. ನಮ್ಮ ಮೇಸ್ತ್ರಿಗೆ ಬುದ್ಧಿ ಕಡಿಮೆಯಿಲ್ಲ, ಇಂಟರ್ನೆಟ್ಟಿನ ಸಲಹೆ ನಂಬಿದ ನನಗಿಂತ ಅವರ ಒಂದು ಪ್ರಶ್ನೆ ಮೇಲಾಗಿತ್ತು. ಅವರಿಗೆ ಸಿಗಬೇಕಾದ ಮಾಹಿತಿ ಸಿಕ್ಕಿಲ್ಲ ಅಷ್ಟೇ.

ಅಲ್ಲಿವರೆಗೆ ನಾವು ಮಾಡಬಹುದಾದದ್ದು ಇಷ್ಟು. ಕಾರಿನ ಹೆಸರಲ್ಲ, ಎಂಜಿನ್ ಯಾವುದು, ಯಾವ ವರ್ಷದ್ದು ಅಂತ ಹೇಳಿ ಪ್ಲಗ್ ಕೇಳಿ. ಮ್ಯಾನುಯಲ್ಲಿನ ಆ ಪುಟದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅದು ಸಿಗದಿದ್ದರೆ ಕಾರಿನ ಜೊತೆ ಬಂದ ಮೊದಲ ಪ್ಲಗ್ಗುಗಳನ್ನ ಬಿಚ್ಚಿದಾಗ ಅದರ ಮೇಲಿನ ಕೋಡು ಬರೆದಿಟ್ಟುಕೊಳ್ಳಿ. ಬಿಲ್ ಕೊಡದ ಕಡೆ ಕೊಳ್ಳಬೇಡಿ, ಪ್ಲಗ್ಗಿನಲ್ಲಿ ನಕಲಿ ಮಾಲು ಬೇಕಾದಷ್ಟಿದೆ.

ಉಂಡೆ ಕೊಬ್ಬರಿ ಮಾಡೋ ನಮ್ಮ ಜನ ಕಾಯನ್ನ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿಸ್ತಾರೆ. ಇಳಿಸಿದ ಮೇಲೂ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಸದ್ದು ಬಂದರೆ ಮಾತ್ರ ಒಡೀತಾರೆ. ಪ್ಲಗ್ಗಿನ ಡಬ್ಬ ಒಡೆಯೋ ಮೊದಲು ಅದರ ಮೇಲಿನ ನಂಬರು ಓದೋಕೆ ಅಷ್ಟು ಹೊತ್ತೂ ಬೇಡ. ಮೂರನೇ ಸೆಟ್ ಹಾಕಿಸಿ ಈಗ ಏಳು ತಿಂಗಳಾಯ್ತು. ಹೋದ ವಾರ ಅಮ್ಮನ ಇನ್ನೊಂದು ಕಣ್ಣು ತೋರಿಸೋಕೆ ಅದೇ ದಾರಿಯಲ್ಲಿ ಹೋದೆವು. ಮುಂದೆ ಅಂಥದೇ ಲಾರಿ ಸಿಕ್ಕಿತು, ದಾಟಿದೆವು. ಅಮ್ಮ ಮಾತ್ರ ಆ ಹಿಡಿಯನ್ನ ಇನ್ನೂ ಹಿಡಿದುಕೊಂಡೇ ಕೂರ್ತಾಳೆ.